ಹುಳದ ಪಾಲು

ನನ್ನ ಸೋದರತ್ತೆ ಕೊಡುಗೈ ಹೆಂಗಸು. ಆದರೆ ಬೆಳೆ ಮಾರುವುದೆಂದರೆ ಮಾತ್ರ ಅವಳಿಗೆ ಕರುಳು ಕಿತ್ತು ಬಂದ ಹಾಗೆ. ಮನೆಯ ಹಿಂದಿನ ತುಂಡು ಹೊಲದಲ್ಲಿ ಅಲಸಂದೆ ಬೆಳೆಯುತ್ತಿದ್ದಳು. ಕಾಳು ಬಡಿದು ಒಣಗಿಸುವಷ್ಟರಲ್ಲಿ ವ್ಯಾಪಾರಿ ಬಾಗಿಲಲ್ಲಿ ಹಾಜರು. ಒಂದೇ ಒಂದು ಚೀಲ ಅವನಿಗೆ ಕೊಟ್ಟು, ಮಿಕ್ಕಿದ್ದನ್ನೆಲ್ಲ ಒಳಕೋಣೆಗೆ ಸಾಗಿಸುತ್ತಿದ್ದಳು. ಅವಳು ಚಿಕ್ಕವಳಿದ್ದಾಗ ಅಪ್ಪ ಬೆಳೆಯನ್ನೆಲ್ಲ ಮಾರಿ, ಕೆಲವೇ ತಿಂಗಳಲ್ಲಿ ಅದೇ ಕಾಳನ್ನು ಅಂಗಡಿಯಿಂದ ದುಪ್ಪಟ್ಟು ಬೆಲೆಗೆ ತಂದಿದ್ದನಂತೆ. ಅಂದು ಅಮ್ಮ ಒಲೆಯ ಮುಂದೆ ಕೂತು ಅತ್ತದ್ದು ಅವಳ ಮನಸ್ಸಿನಿಂದ ಹೋಗಿರಲಿಲ್ಲ.

ಮನೆಗೆ ಸೊಸೆ ಬಂದಳು. ಬಾಯಿ ಜೋರು, ಕೆಲಸ ಅದಕ್ಕಿಂತ ಜೋರು. ಒಂದು ಮಧ್ಯಾಹ್ನ ಚೀಲ ಬಿಚ್ಚಿ ಮೊರಕ್ಕೆ ಸುರಿದುಕೊಂಡವಳು ಕೂಗಿದಳು.

"ಅತ್ತೆ, ಬನ್ನಿ ಇಲ್ಲಿ! ಮಾರಲ್ಲ ಅಂತ ಇಟ್ಟಿದ್ರಲ್ಲ, ಯಾರು ತಿಂತಿದಾರೆ ನೋಡಿ!"

ಮೊರದ ತುಂಬ ತೂತು ಬಿದ್ದ ಕಾಳು, ಹರಿದಾಡುವ ಹುಳ. ಅತ್ತೆಗೆ ಆಶ್ಚರ್ಯವೇ ಆಗಲಿಲ್ಲ.

"ಪ್ರತಿ ವರ್ಷ ಇದ್ದದ್ದೇ ಕಣೆ. ಅರ್ಧ ಅದಕ್ಕೆ ಹೋಗುತ್ತೆ ಅಂತಾನೇ ನಾನು ಎರಡರಷ್ಟು ಇಡೋದು."

"ಅಯ್ಯೋ ದೇವ್ರೇ, ಹುಳದ ಸಂಸಾರಾನೂ ನಾವೇ ಸಾಕ್ತಿದೀವಾ?"

ಮುಂದಿನ ಬೆಳೆಯ ಹೊತ್ತಿಗೆ ಸೊಸೆ ಎರಡು ತಗಡಿನ ಡ್ರಮ್ಮು ಮಾಡಿಸಿ ತಂದಳು. ಕಾಳನ್ನು ಗರಿಗರಿ ಒಣಗಿಸಿ, ಅಂಚಿನವರೆಗೂ ತುಂಬಿ, ಗಾಳಿಯಾಡದಂತೆ ಮುಚ್ಚಳ ಬಿಗಿದಳು. ಅತ್ತೆಗೆ ನಂಬಿಕೆಯಿಲ್ಲ. ಆ ಸಲವೂ ಮಾರಿದ್ದು ಒಂದೇ ಚೀಲ. ಆಗಾಗ ಹೋಗಿ ಡ್ರಮ್ಮಿಗೆ ಕಿವಿಗೊಟ್ಟು ನಿಲ್ಲುವಳು.

"ಏನಂತೆ ಅತ್ತೆ, ಕ್ಷೇಮವಾಗಿದಾವಂತಾ?"

"ಸುಮ್ನಿರೆ! ಕೊರೆಯೋ ಸದ್ದು ಕೇಳುತ್ತಾ ನೋಡ್ತಿದೀನಿ."

ಕೆಲವು ತಿಂಗಳ ಮೇಲೆ ಮುಚ್ಚಳ ತೆಗೆದಾಗ ಕಾಳು ಹೊಸದರ ಹಾಗೆ ಜಾರಿ ಬಂತು. ಅತ್ತೆ ಕನ್ನಡಕ ಏರಿಸಿಕೊಂಡು ಅಂಗಳದ ಬಿಸಿಲಿನಲ್ಲಿ ಹರಡಿ ಹರಡಿ ನೋಡಿದಳು. ತೂತು ಸಿಗಲಿಲ್ಲ. ಊರಲ್ಲೆಲ್ಲ ಕಾಳು ಮುಗಿದು ಬೆಲೆ ಏರಿದ್ದ ಕಾಲವದು. ಒಂದು ಡ್ರಮ್ಮು ಮನೆಗೆ ಸಾಕೆಂದು ಮನಸ್ಸು ಗಟ್ಟಿ ಮಾಡಿ, ವ್ಯಾಪಾರಿಗೆ ತಾನೇ ಹೇಳಿ ಕಳಿಸಿದಳು.

"ಪೂರ್ತಿ ಡ್ರಮ್ಮು ಕೊಡ್ತೀರಾ ಅಮ್ಮಾ?" ಅವನಿಗೆ ನಂಬಲಾಗಲಿಲ್ಲ.

"ಬೇಗ ತೂಗಪ್ಪ, ಮನಸ್ಸು ಬದಲಾಗೋ ಮುಂಚೆ."

ಈಗ ಅತ್ತೆ ಸೊಸೆ ಸೇರಿ ಪಕ್ಕದ ಹೊಲವನ್ನೂ ಗುತ್ತಿಗೆಗೆ ಹಿಡಿದಿದ್ದಾರೆ. ಎಷ್ಟು ಇಡುವುದು, ಎಷ್ಟು ಮಾರುವುದು ಎಂಬ ಜಗಳ ಪ್ರತಿ ಬೆಳೆಗೂ ಇದ್ದದ್ದೇ. ಹೊಸಬರು ಕೇಳಿದರೆ ತಾಯಿ ಮಗಳೇ ಇರಬೇಕು ಅಂದುಕೊಳ್ಳುತ್ತಾರೆ. ಅತ್ತೆಯೂ ತಿದ್ದಲು ಹೋಗುವುದಿಲ್ಲ.