ಚಿಕ್ಕಬೀರಪ್ಪನ ತಲೆಯ ಎರಡು ಚಿತ್ರಗಳು

ಅಜ್ಜಂಪುರದ ಕಡೆಯ ಶಿವನಿಯಲ್ಲಿ ಚಿಕ್ಕಬೀರಪ್ಪ ಕುರಿಯ ಉಣ್ಣೆ ಕತ್ತರಿಸಲು ಕೂತರೆ ಹೋಗುವವರು ಬರುವವರು ನಿಂತು ನೋಡುತ್ತಿದ್ದರು. ಕುಡಿತದಲ್ಲೂ ಅಷ್ಟೇ ಹೆಸರುವಾಸಿ, ಅದು ಬೇರೆ ಮಾತು. ಒಂದು ದಿನ ಕೈ ನಡುಗಿ, ಕತ್ತರಿ ಜಾರಿ, ಕುರಿಯ ಕಿವಿಯೇ ತುಂಡಾಯಿತು. ಮೂಕಪ್ರಾಣಿಯ ರಕ್ತ ಕಂಡು ನಾಚಿದ ಮಹಾರಾಯ ಅಂದೇ ಕುಡಿತ ಬಿಟ್ಟ. ಮೂರನೇ ದಿನ ಮೈಯೆಲ್ಲ ಅದುರಿ, ಇಲ್ಲದ ತೋಳ ಕಂಡು ಕೂಗತೊಡಗಿದಾಗ ಹೆಂಡತಿ ಈರಕ್ಕ ಶಿವಮೊಗ್ಗದ ಆಸ್ಪತ್ರೆಗೆ ಸೇರಿಸಿದಳು.

ಅಲ್ಲಿ ಡಾಕ್ಟರ್ ಪ್ರತಿಮಾ ಕುಡಿತ ಬಿಟ್ಟವರ ಮಿದುಳಿನ ಮೇಲೆ ಸ್ಟಡಿ ಮಾಡುತ್ತಿದ್ದರು. ನಡುಕ ಹತೋಟಿಗೆ ಬಂದ ಮೇಲೆ ಸ್ಕ್ಯಾನ್ ಮಾಡಿಸಿ, ಐದು ವಾರ ಕಳೆದು ಇನ್ನೊಂದು ಸ್ಕ್ಯಾನಿಗೆ ಬರಲು ಹೇಳಿ, ಈ ಸಲದ ಚಿತ್ರ ತೋರಿಸಿದರು. ಮಿದುಳಿನ ಮಡಿಕೆ ಮಡಿಕೆಯ ನಡುವೆಯೂ ಅಗಲವಾದ ಕಪ್ಪು ಸಂದು. "ಮಿದುಳು ಕುಗ್ಗಿದೆ," ಎಂದರು.

ಮುಂದಿನ ಮಾತು ಚಿಕ್ಕಬೀರಪ್ಪನಿಗೆ ಕೇಳಿಸಲೇ ಇಲ್ಲ. ತಲೆಯೊಳಗೆ ನೀರುಗುಳ್ಳೆ ಬೆಳೆದು, ನಿಂತಲ್ಲೇ ಗಿರಗಿರ ಸುತ್ತುವ ಕುರಿಗಳನ್ನು ಅವನು ಕಂಡಿದ್ದ. ಸತ್ತ ಮೇಲೆ ತಲೆ ಒಡೆದು, ಮಿದುಳು ಕರಗಿಹೋದದ್ದನ್ನೂ ನೋಡಿದ್ದ. ಅಂಥ ಕುರಿ ಒಂದೂ ಉಳಿದಿರಲಿಲ್ಲ.

"ಹೋದ ಮಿದುಳು ಬರಲ್ಲ ಕಣೇ. ಇನ್ನು ಕುಡಿದ್ರೇನು, ಬಿಟ್ರೇನು?" ಎಂದ ಮನೆಗೆ ಬಂದು.

"ಇನ್ನೊಂದ್ ಸಲ ತೋರ್ಸೋಗಂಟ ಬಾಯ್ ಕಟ್ಕೊಂಡಿರು," ಎಂದು ಈರಕ್ಕ ಗದರಿದಳು.

ಐದು ವಾರ ಅವನು ಸಿಡುಕಿದ, ತಟ್ಟೆ ತಳ್ಳಿದ, ಗೋಡೆಗೆ ಮುಖ ಮಾಡಿ ಮಲಗಿದ. ಕುಡಿಯಲಿಲ್ಲ. ಆದರೆ ಎರಡನೇ ಸ್ಕ್ಯಾನ್ ಮುಗಿದೊಡನೆ ನೆಟ್ಟಗೆ ಬ್ರಾಂದಿ ಅಂಗಡಿಗೇ ಎಂದು ಮನಸ್ಸು ಗಟ್ಟಿ ಮಾಡಿಕೊಂಡು ಈರಕ್ಕನ ಜೊತೆ ಬಸ್ಸು ಹತ್ತಿದ್ದ.

ಡಾಕ್ಟರ್ ಎರಡೂ ಚಿತ್ರಗಳನ್ನು ಅಕ್ಕಪಕ್ಕ ಇಟ್ಟರು. ಎಷ್ಟೋ ಕುರಿಗಳ ಮಿದುಳು ನೋಡಿದವನಿಗೆ ಬಿಡಿಸಿ ಹೇಳಬೇಕಿರಲಿಲ್ಲ. ಹೊಸ ಚಿತ್ರದಲ್ಲಿ ಕಪ್ಪು ಸಂದುಗಳು ಕಿರಿದಾಗಿದ್ದವು. ಅವನು ಚಿತ್ರದ ಹತ್ತಿರಕ್ಕೆ ಬಗ್ಗಿದ.

"ಇದೂ ನಂದೇನಾ ತಾಯಿ?"

"ನಿಮ್ಮದೇ. ಪೂರ್ತಿ ಸರಿಹೋಗಿಲ್ಲ, ಆದರೆ ತುಂಬಿಕೊಳ್ತಾ ಇದೆ."

"ಯಾವ್ ಮಾತ್ರೆಗೆ?"

"ಮಾತ್ರೆಗಲ್ಲ. ನೀವು ಕುಡೀಲಿಲ್ಲ, ಅಷ್ಟೇ."

ಚಿಕ್ಕಬೀರಪ್ಪ ಬೆರಗಾಗಿ ಕೂತುಬಿಟ್ಟ. ತಾನು ಆಸೆ ಬಿಟ್ಟು ಗೋಡೆ ನೋಡುತ್ತಿದ್ದ ಅಷ್ಟು ದಿನವೂ ಮಿದುಳು ಒಳಗೆ ಒಂದು ಗಳಿಗೆ ಸುಮ್ಮನಿರದೆ ದುಡಿದಿತ್ತು. ಗುಡಿಯಲ್ಲೂ ಅವನಿಗೆ ಇಂಥ ಭಯಭಕ್ತಿ ಹುಟ್ಟಿರಲಿಲ್ಲ.

ಹೊರಗೆ ಬಂದರೆ ರಸ್ತೆಯಾಚೆಯೇ ಬ್ರಾಂದಿ ಅಂಗಡಿ. ಅವನು ನಿಂತ. ಈರಕ್ಕನ ಜೀವ ಬಾಯಿಗೆ ಬಂತು.

"ನನ್ನ ಒಂದ್ ಮಾತೂ ಕೇಳ್ದೆ ಅದು ಇಷ್ಟು ಮಾಡೈತೆ ಕಣೇ," ಎಂದ ತಲೆ ಸವರಿಕೊಂಡು. "ನಾನ್ ಅಡ್ಡ ಬರಾಕಿಲ್ಲ. ನಡಿ, ಬಸ್ ಹೊಂಟೋಯ್ತದೆ."