ಮೊಟ್ಟೆಗೆ ಸ್ನಾನ ಮಾಡಿಸಿದ ಶ್ರಾವಣ

ಶ್ರಾವಣ ಬಂತೆಂದು ಕೋಳಿಗೆ ಯಾರೂ ಹೇಳುವುದಿಲ್ಲ. ಮನೆಮಂದಿಯೆಲ್ಲ ಮೊಟ್ಟೆ-ಮಾಂಸ ಬಿಟ್ಟು, ಹೊಸ್ತಿಲಿಗೆ ಅರಿಶಿನ ಬಳಿದು, ಮಡಿವಂತರಾಗಿ ಕೂತಿರುವ ಹೊತ್ತಿಗೇ ಹಿತ್ತಲಿನಿಂದ ಆ ಕೂಗು ಏಳುತ್ತದೆ. ಇಟ್ಟದ್ದು ಒಂದು ಮೊಟ್ಟೆ, ಸಾರಿದ್ದು ಮೂರು ಬೀದಿಗೆ! ನಾನು ಮೂರು ಮಕ್ಕಳನ್ನು ಹೆತ್ತಾಗಲೂ ಅಷ್ಟು ಗದ್ದಲ ಮಾಡಲಿಲ್ಲ.

ಮದುವೆಯಾಗಿ ಶಿಡ್ಲಘಟ್ಟಕ್ಕೆ ಬಂದ ಮೊದಲ ಶ್ರಾವಣದಲ್ಲಿ ನನಗೆ ಈ ಪ್ರಶ್ನೆ ಎದುರಾಯಿತು. ತಿನ್ನುವವರು ಬಾಯಿ ಕಟ್ಟಿದ್ದಾರೆ, ಇಡುವವರು ನಿಲ್ಲಿಸುತ್ತಿಲ್ಲ. ಆಮೇಲೆ ಏನು? ಊರಿಗೆ ಆಗತಾನೆ ವಿದ್ಯುದ್ದೀಪ ಬಂದಿದ್ದ ಕಾಲ. ತಣ್ಣಗಿಡುವ ಪೆಟ್ಟಿಗೆಯನ್ನು ನಾವು ಚಿತ್ರದಲ್ಲೂ ಕಂಡಿರಲಿಲ್ಲ. ನಮ್ಮತ್ತೆಯವರಿಗೆ ಅದೊಂದು ಪ್ರಶ್ನೆಯೇ ಆಗಿರಲಿಲ್ಲ. ಮೊದಲ ಹದಿನೈದು ದಿನದ ಮೊಟ್ಟೆಗಳನ್ನು ಕಾವಿಗೆ ಕೂತ ಕೋಳಿಯ ಕೆಳಗಿಡುವುದು, ಉಳಿದವನ್ನು ರಾಗಿಯ ಮಡಕೆಯಲ್ಲಿ ಚೂಪು ತುದಿ ಕೆಳಗಾಗಿ ಹೂಳುವುದು. ಅಷ್ಟೇ.

ಅವರು ಹೂಳುವುದನ್ನು ನಾನು ಹತ್ತಿರದಿಂದ ನೋಡಿದೆ. ಮೊಟ್ಟೆಯ ಮೇಲೆ ಒಣಗಿದ ಕೊಳೆ, ಒಂದು ಪುಕ್ಕ, ಒಂದಿಷ್ಟು ಬೂದಿ. ಅದೇ ರಾಗಿ ನಾಳೆ ಬೀಸುವ ಕಲ್ಲಿಗೆ, ನಾಡಿದ್ದು ಮುದ್ದೆಯಾಗಿ ನನ್ನ ತಟ್ಟೆಗೆ! ಬೆಂಗಳೂರಿನ ಕಾನ್ವೆಂಟಿನಲ್ಲಿ ಉಗುರು ತೋರಿಸಿದ ಮೇಲೆಯೇ ಊಟಕ್ಕೆ ಕೂತವಳು ನಾನು. ತಡೆಯಲಾಗಲಿಲ್ಲ.

"ಅತ್ತೆ, ಇದನ್ನ ತೊಳೆದು ಇಡಬಾರದಾ?"

ಅವರು ಕೋಪಿಸಿಕೊಳ್ಳಲಿಲ್ಲ. ನನ್ನನ್ನು ಮೇಲಿಂದ ಕೆಳಗಿನವರೆಗೆ ನೋಡಿ, "ತೊಳಿಯಮ್ಮ, ಯಾರ್ ಬ್ಯಾಡಂದ್ರು? ಬಿಳಿ ಕೋಳೀದು ನಂದು, ಕರಿ ಕೋಳೀದು ನಿಂದು. ನಿನ್ ಇಷ್ಟ ಬಂದಂಗೆ ಇಟ್ಕೊ" ಅಂದರು.

ನನಗೆ ಇಷ್ಟ ಬಂದ ಹಾಗೆಯೇ ಇಟ್ಟೆ. ಕರಿ ಕೋಳಿಯ ಮೊಟ್ಟೆಗಳಿಗೆ ಬಿಸಿನೀರು, ಸಾಬೂನು; ಮೈ ಒರೆಸಲು ಬೇರೆ ಟವೆಲ್ಲು. ಒಂದೊಂದರ ಮೇಲೂ ಪೆನ್ಸಿಲಿನಲ್ಲಿ ದುಂಡಗೆ ತಾರೀಕು ಬರೆದು, ಪಿಂಗಾಣಿ ಬೋಗುಣಿಯಲ್ಲಿ ಜೋಡಿಸಿ, ನಡುಮನೆಯ ಗಾಜಿನ ಬೀರುವಿನಲ್ಲಿಟ್ಟೆ. ಮುತ್ತಿನ ಹಾಗೆ ಹೊಳೆಯುತ್ತಿದ್ದವು. ಪಕ್ಕದ ಮನೆಯ ಮುನಿಯಮ್ಮ ಮೊರ ಕೇಳಲು ಬಂದವಳು ಬೀರುವಿನ ಮುಂದೆಯೇ ನಿಂತುಬಿಟ್ಟಳು.

"ಏಮಮ್ಮಾ, ಮೊಟ್ಟೆಗೂ ಸ್ನಾನಾನಾ? ಪೌಡ್ರು ಹಾಕೋದೊಂದು ಮರ್ತೋದೇನೋ!"

ನಾನು ನಕ್ಕೆ. ಆದರೆ ನನ್ನ ಪಾಲಿಗೆ ಅದು ನಗುವ ವಿಷಯವಾಗಿರಲಿಲ್ಲ. ಶ್ರಾವಣ ಕಳೆದ ಮರುದಿನ ಚಿಂತಾಮಣಿಯಿಂದ ಅಪ್ಪ ಬರುವವರಿದ್ದರು. ನನ್ನನ್ನು ಕಾನ್ವೆಂಟಿಗೆ ಸೇರಿಸಿದಾಗ ದಾಯಾದಿಗಳೆಲ್ಲ ಅವರನ್ನು ಆಡಿಕೊಂಡಿದ್ದರು: "ದೊರೆಸಾನಿ ಮಾಡಕ್ಕೆ ಹೊರಟವ್ನೆ. ನಾಳೆ ಅತ್ತೆ ಮನೇಲಿ ಒಲೆ ಹಚ್ಚಕ್ಕೂ ಬರಾಕಿಲ್ಲ, ನೋಡ್ಕಳಿ." ಅಪ್ಪ ಅದನ್ನು ಕಿವಿಗೆ ಹಾಕಿಕೊಳ್ಳದೆ ನನ್ನನ್ನು ಓದಿಸಿದ್ದರು. ಈಗ ಮೊದಲ ಸಲ ನನ್ನ ಕೈಯಡುಗೆ ಉಣ್ಣಲು ಬರುತ್ತಿದ್ದರು. ಅವರಿಗೆ ಪ್ರಾಣವಾದ ಮೊಟ್ಟೆ ಸಾರು, ಮುದ್ದೆ. ಚೆನ್ನಾಗಿ ಆಗಲೇಬೇಕಿತ್ತು.

ಆ ದಿನ ಬಂತು. ಅಪ್ಪ ಕಾಲು ತೊಳೆದು ಜಗಲಿಯಲ್ಲಿ ಕೂತರು. ಮಸಾಲೆ ರುಬ್ಬಿ, ಎಸರಿಟ್ಟು, ನನ್ನ ಮುತ್ತುಗಳನ್ನು ಒಂದು ಪಾತ್ರೆಯ ತಣ್ಣೀರಿಗೆ ಬಿಟ್ಟೆ. ಒಳ್ಳೆಯ ಮೊಟ್ಟೆ ಮುಳುಗುತ್ತದೆ, ಕೆಟ್ಟದ್ದು ತೇಲುತ್ತದೆ ಎಂದು ಕಾನ್ವೆಂಟಿನ ಸಿಸ್ಟರ್ ಹೇಳಿಕೊಟ್ಟಿದ್ದರು. ನನ್ನವು ಅಷ್ಟೂ ಕೆರೆಯ ಬಾತುಕೋಳಿಗಳ ಹಾಗೆ ತಾರೀಕು ಮೇಲೆ ಮಾಡಿಕೊಂಡು ತೇಲಿದವು. ಪಾಠವೇ ತಪ್ಪಿರಬಹುದೆಂಬ ಆಸೆಯಿಂದ ಒಂದನ್ನು ಒಡೆದೆ. ಆ ವಾಸನೆಯನ್ನು ಬರೆದು ನಿಮ್ಮ ಊಟ ಕೆಡಿಸುವುದಿಲ್ಲ. ಜಗಲಿಯಿಂದ ನಮ್ಮ ಯಜಮಾನರ ದನಿ ಮಾತ್ರ ಕೇಳಿಸಿತು: "ಯಾರೋ ಚರಂಡಿ ಕೆದಕ್ತಾ ಇರೋ ಹಂಗಿದೆ."

ಸೆರಗಿನಲ್ಲಿ ಮೂಗು ಮುಚ್ಚಿಕೊಂಡು, ಪಾತ್ರೆಯನ್ನೇ ಎತ್ತಿಕೊಂಡು ಹಿತ್ತಲಿಗೆ ಓಡಿದೆ. ನುಗ್ಗೆಮರದ ಬುಡದಲ್ಲಿ ಗುಂಡಿ ತೋಡಿ ಎಲ್ಲವನ್ನೂ ಹೂತೆ. ಕೊನೆಗೂ ನಾನೂ ಮೊಟ್ಟೆ ಹೂಳುವವಳೇ ಆದೆ, ಜಾಗ ಮಾತ್ರ ಬೇರೆ. ಕರಿ ಕೋಳಿ ಕತ್ತು ಓರೆ ಮಾಡಿ ನೋಡುತ್ತಿತ್ತು. ಅಪ್ಪನಿಗೆ ಏನು ಹೇಳಲಿ? ಕಣ್ಣೊರೆಸಿಕೊಂಡು ಒಳಗೆ ಬಂದರೆ, ಒಲೆಯ ಮೇಲೆ ಎಸರು ಕುದಿಯುತ್ತಿದೆ. ಅದರಲ್ಲಿ ಎಂಟು ಮೊಟ್ಟೆ ಬೇಯುತ್ತಿವೆ! ಒಂದರ ಮೇಲೂ ತಾರೀಕಿಲ್ಲ. ಪಾತ್ರೆಯ ತಳದಲ್ಲಿ ನಾಲ್ಕೈದು ರಾಗಿಕಾಳು ಕುಣಿಯುತ್ತಿವೆ. ಅಡುಗೆಮನೆಯಲ್ಲಿ ಯಾರೂ ಇಲ್ಲ. ಜಗಲಿಯಲ್ಲಿ ಮಾತ್ರ ಅತ್ತೆಯವರ ದನಿ, ಬೇಕಾದದ್ದಕ್ಕಿಂತ ಸ್ವಲ್ಪ ಜೋರಾಗಿ:

"ನಿಮ್ ಮಗಳು ಮೊಟ್ಟೆ ಎಷ್ಟು ಚೊಕ್ಕಟವಾಗಿ ಇಡ್ತಾಳೆ ಅಂತೀರಾ ಬೀಗರೇ, ಗಾಜಿನ ಬೀರುನಾಗೆ! ನಮ್ ಬೀದಿಯೋರೆಲ್ಲ ಬಂದು ನೋಡ್ಕಂಡು ಹೋದ್ರು."

ಅಪ್ಪ ಮೂರು ಮೊಟ್ಟೆ ತಿಂದರು. ಎರಡನೆಯ ಮುದ್ದೆ ಮುರಿಯುತ್ತಾ, "ಕಾನ್ವೆಂಟಿಗೆ ಕಳಿಸಿದ್ದು ಸಾರ್ಥಕ ಆಯ್ತು ಕಣಮ್ಮ" ಅಂದರು. ನಾನು ಅತ್ತೆಯವರ ಮುಖ ನೋಡಿದೆ. ಅವರು ಬೀಗರಿಗೆ ಉಪ್ಪಿನಕಾಯಿ ಬಡಿಸುವುದರಲ್ಲಿ ಮಗ್ನರಾಗಿದ್ದರು.

ಆಮೇಲೆ ಒಂದು ದಿನ ಟ್ರಂಕಿನಿಂದ ನನ್ನ ಹಳೆಯ ನೋಟ್‌ಬುಕ್ಕು ತೆಗೆದು ನೋಡಿದೆ. ಮೊಟ್ಟೆಯ ಓಡಿನ ತುಂಬ ಕಣ್ಣಿಗೆ ಕಾಣದ ರಂಧ್ರಗಳಿವೆಯಂತೆ; ಅವನ್ನು ಮುಚ್ಚಲು ಕೋಳಿಯೇ ಒಂದು ತೆಳು ಲೇಪ ಬಳಿದು ಕಳಿಸುತ್ತದಂತೆ; ಆದ್ದರಿಂದ ತೊಳೆಯುವುದು ಬೇಯಿಸುವ ಮುಂಚೆ ಮಾತ್ರ. ಎಲ್ಲವೂ ನನ್ನದೇ ದುಂಡಕ್ಷರದಲ್ಲಿತ್ತು. ಕೊನೆಯ ಸಾಲಿನ ಕೆಳಗೆ ಗೆರೆ ಬೇರೆ ಎಳೆದಿದ್ದೆ. ಬರೆದುಕೊಂಡಿದ್ದಕ್ಕೆ ಬಹುಮಾನವೂ ಬಂದಿತ್ತೆಂದು ನೆನಪು.

ಮರುವಾರ ಬೀರು ತೆರೆದರೆ, ನನ್ನ ಪಿಂಗಾಣಿ ಬೋಗುಣಿಯ ತುಂಬ ರಾಗಿ. ರಾಗಿಯೊಳಗೆ ಕತ್ತಿನವರೆಗೂ ಮುಳುಗಿದ ಮೊಟ್ಟೆಗಳು. ಹಿಂದೆಯೇ ಅತ್ತೆ ಬಂದರು, ಕೈಯಲ್ಲಿ ನನ್ನ ಪೆನ್ಸಿಲ್ಲು.

"ತಾರೀಕು ಬರಿಯಮ್ಮ. ಅದೊಂದು ಚೆನ್ನಾಗೈತೆ. ಯಾವ್ದು ಮೊದ್ಲು ಇಟ್ಟಿದ್ದು ಅಂತ ನಂಗೂ ಮರ್ತೋಗ್ತದೆ."

ಅಂದಿನಿಂದ ನಮ್ಮ ಮನೆಯ ಪದ್ಧತಿ ಅದೇ: ರಾಗಿ ಅವರದು, ತಾರೀಕು ನನ್ನದು. ತೇಲಿದ ಮೊಟ್ಟೆಗಳ ವಿಷಯವನ್ನು ಅವರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಆ ವರ್ಷ ನುಗ್ಗೆ ಯಾಕೆ ಅಷ್ಟೊಂದು ಕಾಯಿ ಬಿಟ್ಟಿತೆಂದು ಮುನಿಯಮ್ಮ ಕೇಳಿದಾಗಲೂ ಇಬ್ಬರೂ ಆಕಾಶ ನೋಡಿದೆವು. ಅಪ್ಪ ಮಾತ್ರ ಹೋದಲ್ಲೆಲ್ಲ ಆ ಸಾರನ್ನು ಹೊಗಳುತ್ತಲೇ ಇದ್ದಾರೆ. ಅವರಿಗೆ ನಿಜ ಹೇಳಬೇಕೆಂದು ಎಷ್ಟೋ ಸಲ ಅನ್ನಿಸಿದ್ದುಂಟು. ಆದರೆ ಆ ಮಾತನ್ನು ತೊಳೆಯಲು ಹೋಗದೆ, ಇದ್ದ ಹಾಗೆಯೇ ರಾಗಿಯಲ್ಲಿ ಹೂತಿಟ್ಟಿದ್ದೇನೆ. ಇನ್ನೂ ಕೆಟ್ಟಿಲ್ಲ.