ಹೆಸರು ಕೇಳದ ಬೆಣ್ಣಿ

ಆಗೆಲ್ಲ ಕಬ್ಬಿನ ಹಂಗಾಮು ಬಂತೆಂದರೆ ಮೂಡಲಗಿಯ ನಮ್ಮ ಓಣಿಗೆ ಬೆಲ್ಲ ಕುದಿಯುವ ವಾಸನೆ ಹರಡುತ್ತಿತ್ತು. ಮನೆಯ ಮುಂದೆಯೇ ದೊಡ್ಡ ರಸ್ತೆ. ಟ್ರ್ಯಾಕ್ಟರುಗಳು ಎರಡೆರಡು ಟ್ರೇಲರ್ ಕಟ್ಟಿಕೊಂಡು, ಹಾಡು ಹಚ್ಚಿಕೊಂಡು ಹೋಗುತ್ತಿದ್ದವು. ನಾವು ಹುಡುಗಿಯರು ಹಿಂದೆ ಓಡಿ ಕಬ್ಬು ಹಿರಿಯುತ್ತಿದ್ದೆವು. ನಾನು ಐದನೆಯ ತರಗತಿಯಲ್ಲಿದ್ದಾಗ ಅಂಥದೊಂದು ಹಂಗಾಮಿನಲ್ಲೇ ಬೆಣ್ಣಿ ಬಂದಳು.

ಗೋಕಾಕದಲ್ಲಿ ನಿವೃತ್ತ ಶಿಕ್ಷಕಿಯೊಬ್ಬರು ಬೀದಿಯಲ್ಲಿ ಸಿಕ್ಕ ನಾಯಿ, ಬೆಕ್ಕುಗಳನ್ನು ಹಿತ್ತಲಿನ ಕೋಣೆಗಳಲ್ಲಿ ಸಾಕಿ, ಬೇಕೆಂದವರಿಗೆ ಕೊಡುತ್ತಿದ್ದರು; ಎಲ್ಲರೂ ಅವರನ್ನು ಅಕ್ಕೋರು ಎನ್ನುತ್ತಿದ್ದರು. ಬೆಕ್ಕು ಬೇಕೆಂಬ ನನ್ನ ಹಟ ತಾಳಲಾರದೆ ಅಪ್ಪ ಅಲ್ಲಿಗೆ ಕರೆದೊಯ್ದ. ಬಿಳಿ ಬೆಕ್ಕನ್ನು ರಟ್ಟಿನ ಪೆಟ್ಟಿಗೆಯಲ್ಲಿಟ್ಟು ಕೊಡುತ್ತ ಅಕ್ಕೋರು, “ಹದಿನೈದ ದಿನ ಒಂದ ಕೋಣ್ಯಾಗ ಇಡವಾ. ಎಳದು ತಗೀಬ್ಯಾಡ, ತಾನ ಬರತೈತಿ,” ಎಂದರು.

ಬೆಣ್ಣೆಯಂತೆ ಬೆಳ್ಳಗಿದ್ದುದಕ್ಕೆ ಅವಳಿಗೆ ಬೆಣ್ಣಿ ಎಂದು ಹೆಸರಿಟ್ಟೆ. ಮನೆಗೆ ಬಂದವಳೇ ಜೋಳದ ಚೀಲಗಳ ಹಿಂದೆ ಸೇರಿಕೊಂಡಳು. ನಾನು ನೆಲಕ್ಕೆ ಹೊಟ್ಟೆ ಹಚ್ಚಿ ಮಲಗಿ ದಿನವಿಡೀ ಹೆಸರು ಹಿಡಿದು ಕರೆದೆ. ರೊಟ್ಟಿ ನುರಿದು ಹಾಲಿಗೆ ಹಾಕಿಟ್ಟರೆ ನಾನು ಎದ್ದು ಹೋದ ಮೇಲೆಯೇ ತಿನ್ನುತ್ತಿದ್ದಳು.

“ನಾ ಅಂದ್ರ ಅಕಿಗಿ ಆಗಂಗಿಲ್ಲ,” ಎಂದು ಅವ್ವನ ಮುಂದೆ ಅತ್ತೆ.

“ಹೊಸಾ ಮನಿ ಅಲ್ಲೇನವಾ. ಲಗ್ನಾಗಿ ಬಂದಾಗ ನಾನೂ ಎಂಟ ದಿನ ಯಾರ ಕೂಡೂ ಮಾತಾಡಿದ್ದಿಲ್ಲ,” ಎಂದಳು ಅವ್ವ.

ಒಂಬತ್ತನೆಯ ದಿನ ಬೆಣ್ಣಿ ಹೊರಬಂದು ಕಿಟಕಿಯ ಬಿಸಿಲಿಗೆ ಬೆನ್ನು ಕೊಟ್ಟು ಮಲಗಿದ್ದಳು. ನನ್ನ ಅಜ್ಜಿ, ಆಯಿಯ ಕೈಯಿಂದ ಹಿತ್ತಾಳೆ ಕೊಡ ಜಾರಿ ಬಿತ್ತು. ನಾನು ಬೆಚ್ಚಿಬಿದ್ದೆ. ಬೆಕ್ಕಿನ ಕಿವಿ ಕೂಡ ಅಲುಗಲಿಲ್ಲ. ಆಯಿ ಹಿಂದಿನಿಂದ ಚಪ್ಪಾಳೆ ತಟ್ಟಿ ನೋಡಿ, “ಇದಕ ಕಿವಿ ಕೇಳಂಗಿಲ್ಲ ತಂಗಿ,” ಎಂದಳು.

ಬೆಣ್ಣಿಗೆ ನಾನು ಬೇಡವಾಗಿದ್ದೇನೆ ಎಂಬ ದುಃಖ ಹೋಯಿತು. ಮನೆಮುಂದಿನ ರಸ್ತೆ ನೆನಪಾಗಿ ಹೆದರಿಕೆ ಬಂತು. ನೆಲವನ್ನು ಅಂಗೈಯಿಂದ ತಟ್ಟಿದರೆ ಮಾತ್ರ ಅವಳು ತಿರುಗುತ್ತಿದ್ದಳು. ನಾನು ತಟ್ಟುತ್ತ ಹೋದಂತೆ ಹತ್ತಿರ ಬಂದಳು. ಒಂದು ಮಧ್ಯಾಹ್ನ ನನ್ನ ಮೊಣಕಾಲಿಗೆ ಬೆನ್ನು ಆನಿಸಿ ಕೂತಳು. ನಾನು ಊಟಕ್ಕೂ ಏಳಲಿಲ್ಲ.

ಬೀಗರು ಬಂದ ದಿನ ಬಾಗಿಲು ತೆರೆದೇ ಇತ್ತು. ಹುಡುಕಿ ಹೊರಬಂದರೆ ಬೆಣ್ಣಿ ರಸ್ತೆಯ ಆಚೆ ದಂಡೆಯಲ್ಲಿದ್ದಳು. ಕಬ್ಬಿನ ಟ್ರ್ಯಾಕ್ಟರ್ ಬರುತ್ತಿತ್ತು. ಕೇಳುವುದಿಲ್ಲವೆಂದು ಗೊತ್ತಿದ್ದೂ ಗಂಟಲು ಹರಿಯುವಂತೆ ಕೂಗಿದೆ. ಕಾಲಿನಿಂದ ನೆಲ ಗುದ್ದಿದೆ. ಟ್ರ್ಯಾಕ್ಟರಿನ ಭಾರಕ್ಕೆ ರಸ್ತೆಯೇ ನಡುಗುತ್ತಿತ್ತು, ನನ್ನ ಗುದ್ದು ಅವಳಿಗೆ ತಿಳಿಯಲಿಲ್ಲ. ಅವಳು ರಸ್ತೆಗೆ ಕಾಲಿಟ್ಟಳು. ನಾನು ಓಡಿದೆ.

ಡ್ರೈವರ್ ಬ್ರೇಕ್ ಒತ್ತಿದ. ಬೆಣ್ಣಿ ಗಾಲಿಯ ಪಕ್ಕ ಮುದುಡಿ ಕೂತಿದ್ದಳು, ಗಾಯವಿರಲಿಲ್ಲ. ಅವನು ಕೆಳಗಿಳಿದು ನನ್ನ ರಟ್ಟೆ ಹಿಡಿದ. “ನನಗೂ ಮಕ್ಕಳದಾವ ತಂಗಿ,” ಎಂದಷ್ಟೇ ಹೇಳಿದ.

ಸಂಜೆ ಅಪ್ಪ ಬೈಯಲಿಲ್ಲ. “ಅದಕ ಕೇಳೂದಿಲ್ಲ, ನೀ ಓಡೂದು ಬಿಡಂಗಿಲ್ಲ. ನಾ ಏನ ಮಾಡ್ಲಿ, ನೀನ ಹೇಳು,” ಎಂದ. ಅವಳನ್ನು ಅಕ್ಕೋರಿಗೆ ಮರಳಿ ಕೊಡುವುದೆಂದಾಯಿತು.

ರವಿವಾರ ಅಪ್ಪ ಹಿಡಿಯಲು ಹೋದರೆ ಅವಳು ಚೀಲಗಳ ಹಿಂದೆ ನುಗ್ಗಿದಳು. ಕೊನೆಗೆ ರಟ್ಟಿನ ಪೆಟ್ಟಿಗೆಯ ತಳವನ್ನು ನಾನೇ ತಟ್ಟಿದೆ. ಬೆಣ್ಣಿ ಬಂದು, ನನ್ನ ಮುಖ ನೋಡಿ, ಒಳಗೆ ಇಳಿದಳು.

ಘಟಪ್ರಭಾದಲ್ಲಿ ಮಹಡಿಯ ಮೇಲಿದ್ದ ಯಾರೋ ಅವಳನ್ನು ಒಯ್ದರೆಂದು ಅಕ್ಕೋರು ಆಮೇಲೆ ಹೇಳಿಕಳಿಸಿದರು. ಯಾರೆಂದು ನಾನು ಕೇಳಲಿಲ್ಲ. ಈಗ ಆಯಿ ಇಲ್ಲ. ರಸ್ತೆ ಅಗಲವಾಗಿ ನಮ್ಮ ಅಂಗಳ ಅದರೊಳಗೆ ಹೋಗಿದೆ. ನಾನಿರುವ ಮನೆ ಗಾಡಿ ಬಾರದ ಸಂದಿಯಲ್ಲಿದೆ. ಬೆಕ್ಕು ಸಾಕೋಣವೆಂದು ಮಗಳು ಕೇಳುತ್ತಲೇ ಇರುತ್ತಾಳೆ. ನೋಡೋಣ ಅನ್ನುತ್ತೇನೆ. ಒಂದು ಜೀವವನ್ನು ಕಾಯುತ್ತೇನೆಂಬ ಧೈರ್ಯ ಹತ್ತು ವರ್ಷದ ನನಗೆ ಇತ್ತು. ಈಗ ಅದು ನನ್ನಲ್ಲಿಲ್ಲ ಎಂದು ಅವಳಿಗೆ ಹೇಗೆ ಹೇಳಲಿ?